ಶೇಕಡಾವಾರು ಏರಿಕೆಯನ್ನು ವರ್ಷಗಳಿಂದ ಭಾಗಿಸಬಾರದು

ಮಾನ್ಯ ಸಂಪಾದಕರೇ,

ಹೊಸ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ಅದರ ಫಲಿತಾಂಶ ಹೊರಬಂದಾಗ ಜಿಲ್ಲೆ, ತಾಲ್ಲೂಕು, ನಗರಗಳ ಬೆಳವಣಿಗೆಯ ಅಂಕಿಅಂಶಗಳು ಪತ್ರಿಕೆಗಳ ಪುಟಗಳನ್ನು ತುಂಬಲಿವೆ. ಹಿಂದಿನ ಗಣತಿಗಳ ಬಗೆಗಿನ ಬರಹಗಳಲ್ಲಿ ಮತ್ತು ಭಾಷಣಗಳಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ಒಂದು ಲೆಕ್ಕದ ತಪ್ಪು ಈ ಬಾರಿ ಮರುಕಳಿಸದಿರಲಿ ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ. ಹತ್ತು ವರ್ಷಗಳ ಶೇಕಡಾವಾರು ಏರಿಕೆಯನ್ನು ಹತ್ತರಿಂದ ಭಾಗಿಸಿ, ಬಂದ ಸಂಖ್ಯೆಯನ್ನು ‘ವಾರ್ಷಿಕ ಸರಾಸರಿ ಬೆಳವಣಿಗೆ ದರ’ ಎಂದು ಕರೆಯುವುದೇ ಆ ತಪ್ಪು.

ಬೆಂಗಳೂರು ನಗರ ಜಿಲ್ಲೆಯನ್ನೇ ನೋಡೋಣ. ಅಲ್ಲಿನ ಜನಸಂಖ್ಯೆ 2001ರಲ್ಲಿ 65,37,124 ಇತ್ತು. 2011ರಲ್ಲಿ 96,21,551 ಆಯಿತು. ಏರಿಕೆ ಶೇ 47.18. ಇದನ್ನು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಶೇ 4.72 ಎಂಬ ಉತ್ತರ ಬರುತ್ತದೆ. ಈ ಉತ್ತರ ಸರಿಯೇ ಎಂದು ತಾಳೆ ನೋಡಬೇಕಾದರೆ 2001ರ ಜನಸಂಖ್ಯೆಯನ್ನು ವರ್ಷವರ್ಷವೂ ಅದೇ ದರದಲ್ಲಿ ಬೆಳೆಸಬೇಕು. ಹಾಗೆ ಬೆಳೆಸಿದರೆ 2011ರಲ್ಲಿ ಸುಮಾರು 1 ಕೋಟಿ 3.7 ಲಕ್ಷ ಜನ ಇರಬೇಕಾಗುತ್ತದೆ. ಅಂದರೆ ಗಣತಿಯಲ್ಲಿ ಸಿಕ್ಕವರಿಗಿಂತ ಸುಮಾರು 7.5 ಲಕ್ಷ ಹೆಚ್ಚು. ತಲೆಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿದರೆ, ಇಲ್ಲದ ಈ ಜನರಿಗಾಗಿ ದಿನಕ್ಕೆ ಸುಮಾರು 10 ಕೋಟಿ ಲೀಟರ್ ನೀರನ್ನು ಯೋಜನೆಯಲ್ಲಿ ಸೇರಿಸಿದಂತಾಗುತ್ತದೆ. ನಿಜವಾದ ದರ ವರ್ಷಕ್ಕೆ ಶೇ 3.94. 1.4718ರ ಹತ್ತನೆಯ ಮೂಲವನ್ನು, ಅಂದರೆ ಹತ್ತು ಸಲ ಬರೆದು ಒಟ್ಟಿಗೆ ಗುಣಿಸಿದರೆ 1.4718 ಕೊಡುವ ಸಂಖ್ಯೆಯನ್ನು, ತೆಗೆದರೆ 1.0394 ಬರುತ್ತದೆ, ಪ್ರತಿ ವರ್ಷ ಗುಣಿಸಬೇಕಾದ ಅನುಪಾತ ಅದು. ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ ಘಾತದ ಗುಂಡಿ ಇದ್ದರೆ 1.4718ರ ಘಾತವಾಗಿ 0.1 ಎಂದು ಒತ್ತಿದರೆ ಸಾಕು, ಅರ್ಧ ನಿಮಿಷದ ಕೆಲಸ.

ಭಾಗಾಕಾರವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ‘ಆ ದಶಕದಲ್ಲಿ ವರ್ಷಕ್ಕೆ ಸರಾಸರಿ ಎಷ್ಟು ಜನ ಹೆಚ್ಚಿದರು?’ ಎಂದು ಕೇಳಿದರೆ ಕೊನೆಯ ಸಂಖ್ಯೆಯಿಂದ ಮೊದಲಿನದನ್ನು ಕಳೆದು ಹತ್ತರಿಂದ ಭಾಗಿಸುವುದೇ ಸರಿಯಾದ ಕ್ರಮ, ಮತ್ತು 3.08 ಲಕ್ಷ ಎಂಬ ಉತ್ತರದಲ್ಲಿ ಯಾವ ದೋಷವೂ ಇಲ್ಲ. ‘ವರ್ಷಕ್ಕೆ ಸರಾಸರಿ ಶೇಕಡಾ ಎಷ್ಟು?’ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದು ಕೂಡುತ್ತ ಹೋಗುವ ಲೆಕ್ಕ, ಎರಡನೆಯದು ಗುಣಿಸುತ್ತ ಹೋಗುವ ಲೆಕ್ಕ. ಒಂದರ ವಿಧಾನವನ್ನು ಇನ್ನೊಂದಕ್ಕೆ ಹಚ್ಚಿದಾಗ ಎಡವಟ್ಟಾಗುತ್ತದೆ.

ಪದವಿಪೂರ್ವ ತರಗತಿಯಲ್ಲಿ ಗುಣೋತ್ತರ ಶ್ರೇಢಿಯನ್ನು, ಅಂದರೆ ಪ್ರತಿ ಪದವನ್ನೂ ಒಂದೇ ಸಂಖ್ಯೆಯಿಂದ (ಸಾಮಾನ್ಯ ಅನುಪಾತದಿಂದ) ಗುಣಿಸುತ್ತ ಹೋಗುವ ಸಾಲನ್ನು, ಕಲಿಸುವಾಗ ನಾನು ಹಲಗೆಯ ಮೇಲೆ 3, 6, 12, 24, 48 ಎಂದು ಬರೆದು, ಮೊದಲನೆಯ ಪದದಿಂದ ಐದನೆಯ ಪದದವರೆಗಿನ ಸರಾಸರಿ ಬದಲಾವಣೆಯ ದರ ಕೇಳುತ್ತಿದ್ದೆ. 48ರಿಂದ 3 ಕಳೆದು 4ರಿಂದ ಭಾಗಿಸಿ ಮಕ್ಕಳು 11.25 ಎನ್ನುತ್ತಿದ್ದರು. ಅದು ಸರಿ. ಆದರೆ ಶ್ರೇಢಿಯ ನಿಜವಾದ ಹೆಜ್ಜೆಗಳು 3, 6, 12, 24. ಇವುಗಳಲ್ಲಿ ಒಂದೂ 11.25 ಅಲ್ಲ. ಒಂದರಿಂದ ಮೂರನೆಯ ಪದದವರೆಗೆ ಮಾತ್ರ ತೆಗೆದುಕೊಂಡರೆ ಸರಾಸರಿ ದರ 4.5, ಮೂರರಿಂದ ಐದರವರೆಗೆ 18. ಎರಡನೆಯದು ಮೊದಲನೆಯದರ ನಾಲ್ಕು ಪಟ್ಟು, ಅಂದರೆ ಸಾಮಾನ್ಯ ಅನುಪಾತ 2ರ ವರ್ಗ. ಒಂದೇ ಸಂಖ್ಯೆಯನ್ನು ಕೂಡುತ್ತ ಹೋಗುವ ಸಮಾಂತರ ಶ್ರೇಢಿಯಲ್ಲಿ ಎಲ್ಲಿಂದ ಎಲ್ಲಿಗೆ ಅಳೆದರೂ ಸರಾಸರಿ ದರ ಒಂದೇ. ಗುಣೋತ್ತರ ಶ್ರೇಢಿಯಲ್ಲಿ ಸಮನಾದ ಅಂತರಗಳಲ್ಲಿ ಅಳೆದ ಸರಾಸರಿ ದರಗಳು ತಾವೇ ಇನ್ನೊಂದು ಗುಣೋತ್ತರ ಶ್ರೇಢಿಯಾಗುತ್ತವೆ. ಎಷ್ಟು ವರ್ಷ ಪಾಠ ಮಾಡಿದರೂ ನನಗೆ ಹಳತಾಗದ ಸೊಗಸು ಇದು.

ಬೆಂಗಳೂರಿಗೂ ಇದು ಹೊಂದುತ್ತದೆ. ಜಿಲ್ಲೆಯು ಶೇ 3.94ರ ದರದಲ್ಲಿ ಒಂದೇ ಸಮನೆ ಬೆಳೆಯಿತೆಂದು ಭಾವಿಸಿದರೆ, ಮೊದಲ ಐದು ವರ್ಷಗಳಲ್ಲಿ ವರ್ಷಕ್ಕೆ 2.79 ಲಕ್ಷ ಜನರೂ ಕೊನೆಯ ಐದು ವರ್ಷಗಳಲ್ಲಿ 3.38 ಲಕ್ಷ ಜನರೂ ಹೆಚ್ಚಿರುತ್ತಾರೆ. ವಲಸೆಯಿಂದ ಬೆಳೆಯುವ ಊರು ಯಾವ ಶ್ರೇಢಿಯನ್ನೂ ಅಚ್ಚುಕಟ್ಟಾಗಿ ಅನುಸರಿಸುವುದಿಲ್ಲವೆಂಬುದು ನಿಜವೇ. ಆದರೂ 2001ರ ಸಂಖ್ಯೆಯನ್ನು 2011ರ ಸಂಖ್ಯೆಗೆ ಸರಿಯಾಗಿ ತಲುಪಿಸುವ ಸ್ಥಿರ ವಾರ್ಷಿಕ ದರ ಅದೊಂದೇ.

ಇಡೀ ರಾಜ್ಯದ ಅಂಕಿಯಲ್ಲಿ ಈ ದೋಷ ಎದ್ದು ಕಾಣುವುದಿಲ್ಲ. ಕರ್ನಾಟಕದ ದಶಕದ ಏರಿಕೆ ಶೇ 15.6 ಇದ್ದುದರಿಂದ ಭಾಗಿಸಿದರೆ 1.56, ಸರಿಯಾಗಿ ಲೆಕ್ಕ ಹಾಕಿದರೆ 1.46. ಬೆಳವಣಿಗೆ ನಿಧಾನವಾಗಿರುವಲ್ಲಿ ತಪ್ಪು ಅಡಗಿಕೊಳ್ಳುತ್ತದೆ, ವೇಗವಾಗಿರುವಲ್ಲಿ ಹಿಗ್ಗುತ್ತದೆ.

ಇದೇ ಗೊಂದಲ ಮನೆಯ ಉಳಿತಾಯದಲ್ಲೂ ಇದೆ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರದ ಬಡ್ಡಿ ದರವನ್ನು 2023ರ ಏಪ್ರಿಲ್‌ನಲ್ಲಿ ಶೇ 7.5ಕ್ಕೆ ಏರಿಸಿದಾಗ ಹಣ ಇಮ್ಮಡಿಯಾಗುವ ಅವಧಿ 115 ತಿಂಗಳಾಯಿತು. ನಮ್ಮ ಬೀದಿಯ ಹಿರಿಯರೊಬ್ಬರು ನೂರನ್ನು ಒಂಬತ್ತು ವರ್ಷ ಏಳು ತಿಂಗಳಿಗೆ ಹಂಚಿ, ‘ವರ್ಷಕ್ಕೆ ಶೇ 10.4 ಸಿಗುತ್ತದೆ’ ಎಂದು ನಂಬಿದ್ದರು. ಚಕ್ರಬಡ್ಡಿಯಲ್ಲಿ ಬಡ್ಡಿಗೂ ಬಡ್ಡಿ ಸೇರುವುದರಿಂದಲೇ ಶೇ 7.5ಕ್ಕೆ ಹಣ ಅಷ್ಟರಲ್ಲಿ ಇಮ್ಮಡಿಯಾಗುತ್ತದೆ ಎಂದು ಕಾಗದದ ಮೇಲೆ ವರ್ಷವರ್ಷದ ಮೊತ್ತ ಬರೆದು ತೋರಿಸಿದ ಮೇಲೆ ಒಪ್ಪಿದರು. ಇಂತಹ ತಪ್ಪು ತಿಳಿವಳಿಕೆಯಲ್ಲಿರುವವರಿಗೆ ಯಾರಾದರೂ ‘ಹತ್ತು ವರ್ಷದಲ್ಲಿ ದುಪ್ಪಟ್ಟು’ ಎಂದು ಆಸೆ ತೋರಿಸಿದರೆ ಅದರ ನಿಜವಾದ ಬೆಲೆ ತಿಳಿಯುವುದಾದರೂ ಹೇಗೆ?

ಈ ಸಲ ಎಚ್ಚರ ಇನ್ನೂ ಹೆಚ್ಚು ಬೇಕು ಎನ್ನಲು ಕಾರಣವಿದೆ. ಎರಡು ಗಣತಿಗಳ ನಡುವಿನ ಅಂತರ ಹತ್ತಲ್ಲ, ಹದಿನಾರು ವರ್ಷ. ಈ ಅವಧಿಯಲ್ಲಿ ಇಮ್ಮಡಿಯಾದ ಊರೊಂದು ಇದ್ದರೆ, ಭಾಗಾಕಾರದ ಪ್ರಕಾರ ಅದರ ವಾರ್ಷಿಕ ದರ ಶೇ 6.25, ನಿಜವಾದ ದರ ಶೇ 4.43 ಮಾತ್ರ. ಹಳೆಯ ರೂಢಿಯಂತೆ ಹತ್ತರಿಂದಲೇ ಭಾಗಿಸಿಬಿಟ್ಟರಂತೂ ಶೇ 10 ಎಂದೇ ಅಚ್ಚಾದೀತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಗಣತಿಯ ಸುದ್ದಿಯಲ್ಲಿ ವಾರ್ಷಿಕ ಶೇಕಡಾ ದರವನ್ನು ಕೊಡುವಾಗ ಅದನ್ನು ಮೂಲ ತೆಗೆದು ಕಂಡುಹಿಡಿದದ್ದೆಂದು ಒಂದು ಸಾಲಿನಲ್ಲಿ ತಿಳಿಸಿ, ಅದರ ಪಕ್ಕದಲ್ಲೇ 2011ರ ಮತ್ತು 2027ರ ಜನಸಂಖ್ಯೆಗಳೆರಡನ್ನೂ ಮುದ್ರಿಸಿ. ಅನುಮಾನ ಬಂದ ಓದುಗರು ತಾವೇ ಲೆಕ್ಕ ಹಾಕಿ ನೋಡಿಕೊಳ್ಳುತ್ತಾರೆ.

— ನಿವೃತ್ತ ಗಣಿತ ಉಪನ್ಯಾಸಕ, ಶಿವಮೊಗ್ಗ