ತುರಹಳ್ಳಿಗೆ ಟೈಲ್ಸ್ ಬೇಡ, ಬೋರ್ಡ್ ಹಾಕ್ಸಿ

ಸಂಪಾದಕರೇ, ನಮಸ್ಕಾರ.

ಭಾನುವಾರ ಬಂತಂದ್ರೆ ಬೆಂಗಳೂರಿನೋರು ಕತ್ತಲಲ್ಲೇ ಎದ್ದು ನಂದಿ ಬೆಟ್ಟಕ್ಕೆ ಗಾಡಿ ಓಡಿಸ್ತಾರೆ, ಟ್ರಾಫಿಕ್‌ನಲ್ಲಿ ಸಿಕ್ಕಾಕ್ಕೊಂಡು ಸೂರ್ಯ ಹುಟ್ಟೋದನ್ನ ಕಾರೊಳಗಿಂದ್ಲೇ ನೋಡಿ ವಾಪಸ್ ಬರ್ತಾರೆ, ಆದ್ರೆ ಕನಕಪುರ ರೋಡ್ ಹತ್ರಾನೇ ಇರೋ ತುರಹಳ್ಳಿ ಕಾಡಿನ ನೆನಪು ಎಷ್ಟು ಜನಕ್ಕೆ ಬರುತ್ತೆ ಹೇಳಿ? 2021ರಲ್ಲಿ ಹಸಿರು ಲೈನ್ ಮೆಟ್ರೋ ರೇಷ್ಮೆ ಸಂಸ್ಥೆವರೆಗೂ ಬಂದ್ಮೇಲೆ ಕಾರೂ ಬೇಕಾಗಿಲ್ಲ, ವಾಜರಹಳ್ಳಿಲೋ ತಲಘಟ್ಟಪುರದಲ್ಲೋ ಇಳಿದು ಆಟೋ ಹಿಡಿದ್ರಾಯ್ತು. ಮಣ್ಣಿನ ದಾರಿ, ಸಣ್ಣ ಏರು, ನೀಲಗಿರಿ ಮರಗಳು, ಅಲ್ಲಲ್ಲಿ ದೊಡ್ಡ ಬಂಡೆ. ಟ್ರೆಕ್ಕಿಂಗ್ ಅಂದ್ರೆ ಹೆದರೋರೂ ಮಕ್ಕಳನ್ನ ಕರ್ಕೊಂಡು ಆರಾಮಾಗಿ ನಡೀಬಹುದು.

ಅದೇ 2021ರಲ್ಲಿ ಅರಣ್ಯ ಇಲಾಖೆಯೋರು ಇಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ಸುತ್ತಮುತ್ತಲ ಜನ ಬೀದಿಗಿಳಿದು ಬೇಡ ಅಂದ್ರು, ಸರಿಯಾಗೇ ಮಾಡಿದ್ರು. ಕಾಡಿಗೆ ಟೈಲ್ಸು, ಬೆಂಚು ಹಾಕಿದ್ರೆ ಅದು ಲಾಲ್‌ಬಾಗೂ ಆಗಲ್ಲ ಕಾಡಾಗೂ ಉಳಿಯಲ್ಲ.

ನಾನು ಕೇಳ್ತಿರೋದು ಅಷ್ಟೆಲ್ಲಾ ಅಲ್ಲ. ದಾರಿ ಕವಲೊಡೆಯೋ ಕಡೆ ಯಾವುದು ಸುಲಭದ ದಾರಿ, ಎಷ್ಟು ದೂರ ಅಂತ ಕನ್ನಡದಲ್ಲಿ ಒಂದೊಂದು ಬೋರ್ಡ್ ಹಾಕ್ಲಿ, ಎಷ್ಟೊತ್ತಿಂದ ಎಷ್ಟೊತ್ತಿನವರೆಗೂ ಒಳಗೆ ಬಿಡ್ತಾರೆ ಅಂತ ಗೇಟಲ್ಲೇ ಬರೆದಿರ್ಲಿ, ಹೆಣ್ಮಕ್ಕಳು ಒಬ್ರೇ ಬಂದ್ರೂ ಧೈರ್ಯವಾಗಿರೋ ಹಾಗೆ ಗಾರ್ಡ್‌ಗಳು ಒಳಗೂ ಓಡಾಡ್ಲಿ. ಇನ್ನು ಬಂಡೆ ಮೇಲೆ ಬರ್ತ್‌ಡೇ ಕೇಕ್ ಕತ್ತರಿಸಿ ಬಾಟಲಿ ಒಡೆದು ಹೋಗೋ ಮಹಾನುಭಾವರಿಗೆ ದೊಡ್ಡ ದಂಡಾನೇ ಹಾಕ್ಬೇಕು, ಬೋರ್ಡ್ ಓದೋ ಜಾತಿ ಅಲ್ಲ ಅವ್ರು.

– ಒಬ್ಬ ಓದುಗ, ಕನಕಪುರ ರಸ್ತೆ, ಬೆಂಗಳೂರು