ಕಡತದ ಹೆಸರೇ ತೊಡಕಾದಾಗ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವ ಮಕ್ಕಳು ಮಾಡ್ಯೂಲ್ (ಪ್ರೋಗ್ರಾಂಗೆ ಸೇರಿಸಿಕೊಳ್ಳುವ ಸಿದ್ಧ ಕೋಡ್) ದೋಷ ಕಂಡರೆ ಕಂಪ್ಯೂಟರೇ ಕೆಟ್ಟಿತೆಂದು ಭಾವಿಸುವುದುಂಟು. ಫಾರ್ಮ್ಯಾಟ್ ಮಾಡಿಸುವ ಮೊದಲು ದೋಷಸಂದೇಶದ ಕೊನೆಯ ಸಾಲು ಓದಬೇಕು.

ಚಿತ್ರ ಬಿಡಿಸುವ ‘ಟರ್ಟಲ್’ ಮಾಡ್ಯೂಲಿನ ಅಭ್ಯಾಸವನ್ನು ‘ಟರ್ಟಲ್.ಪಿವೈ’ ಎಂದೇ ಸೇವ್ ಮಾಡುವುದು ಮಾಮೂಲು. ಪೈಥಾನ್ ಮೊದಲು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ. ಹೀಗಾಗಿ ಅಸಲಿ ಮಾಡ್ಯೂಲಿನ ಬದಲು ಮಗುವಿನ ಕಡತವೇ ಲೋಡ್ ಆಗಿ, ಕೇಳಿದ ಹೆಸರು ಸಿಗಲಿಲ್ಲ ಎನ್ನುವ ‘ಆಟ್ರಿಬ್ಯೂಟ್‌ಎರರ್’ ಅಥವಾ ‘ನೇಮ್‌ಎರರ್’ ಬರುತ್ತದೆ. ಕಡತದ ಹೆಸರು ಬದಲಿಸಿದರೆ ಮುಗಿಯಿತು. ಅದೇ ಫೋಲ್ಡರಿನಲ್ಲಿ ‘ರ್‍ಯಾಂಡಮ್.ಪಿವೈ’ ಇದ್ದರೆ ಅದೇ ಹೆಸರಿನ ಮಾಡ್ಯೂಲ್ ಬಳಸುವಾಗಲೂ ಇದೇ ಗೋಳು, ಅದನ್ನು ಬರೆದವರು ಬೇರೆ ವಿದ್ಯಾರ್ಥಿಯಾದರೂ ಸರಿ!

ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ, ಪರದೆಯ ಮೇಲೆ ವಿಂಡೋ ತೆರೆಯುವ ‘ಟಿಕಿಂಟರ್’ ಮಾಡ್ಯೂಲ್ ಸಿಗದಿದ್ದರೆ, ಅದು ಪೈಥಾನಿಗೆ ಪ್ಯಾಕೇಜ್ (ಮಾಡ್ಯೂಲುಗಳ ಕಟ್ಟು) ಹಾಕುವ ಸಾಧನವಾದ ಪಿಪ್‌ನಿಂದ ಬಾರದು. ‘ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಪೈಥಾನ್3-ಟಿಕೆ’ ಎಂಬ ಆಜ್ಞೆಯನ್ನು ಟರ್ಮಿನಲಿನಲ್ಲಿ ಕೊಡಬೇಕು.

ಹಾಕಿದ ಪ್ಯಾಕೇಜೇ ಕಾಣದಿದ್ದರೆ, ಬಹುತೇಕ ಅದು ಅದೇ ಕಂಪ್ಯೂಟರಿನಲ್ಲಿರುವ ಇನ್ನೊಂದು ಪೈಥಾನಿಗೆ ಹೋಗಿರುತ್ತದೆ. ಬರೀ ‘ಪಿಪ್’ ಬದಲು ‘ಪೈಥಾನ್3 -ಎಂ ಪಿಪ್ ಇನ್‌ಸ್ಟಾಲ್’ ಬಳಸಿ. ಹೊಸ ಉಬುಂಟು ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ (ಈ ಪೈಥಾನನ್ನು ಸಿಸ್ಟಮೇ ನಿರ್ವಹಿಸುತ್ತದೆ) ಎಂದು ತಡೆದರೆ ಬಲವಂತ ಬೇಡ, ‘ಪೈಥಾನ್3 -ಎಂ ವೆನ್ವ್’ ಮುಂದೆ ಒಂದು ಫೋಲ್ಡರಿನ ಹೆಸರು ಕೊಟ್ಟು, ಪ್ಯಾಕೇಜ್ ಹಾಕಲು ಪ್ರತ್ಯೇಕ ಪರಿಸರ ರಚಿಸಿ. ‘ಓಪನ್‌ಸಿವಿ-ಪೈಥಾನ್’ ಎಂಬ ಚಿತ್ರ ಸಂಸ್ಕರಣೆಯ ಪ್ಯಾಕೇಜ್ ಹಾಕಿದರೂ ಪ್ರೋಗ್ರಾಮಿಗೆ ಇಂಪೋರ್ಟ್ ಮಾಡುವುದು (ಸೇರಿಸಿಕೊಳ್ಳುವುದು) ‘ಸಿವಿ2’ ಎಂದೇ.

ಕನ್ನಡ ಮಾಧ್ಯಮದ ಐಟಿ ಶಿಕ್ಷಕರ ತರಬೇತಿಯಲ್ಲಿ ಇದಕ್ಕೆ ಅರ್ಧ ಗಂಟೆ ಮೀಸಲಿಡಬೇಕೆಂದು ಕೋರಿಕೆ.

— ಓರ್ವ ಐಟಿ ಶಿಕ್ಷಕ, ಕಾಸರಗೋಡು