ಹಾಡು ಯಾರದು ಅಂತಲೂ ಬರಿ

ಪ್ರೀತಿಯ ತಂಗಿ,

ಅಮೆರಿಕದ ಜಾನಪದ ಗಾಯಕ ಪೀಟ್ ಸೀಗರ್‌ಗೆ 90 ತುಂಬಿದ ದಿನದ ಸಂಗೀತ ಕಾರ್ಯಕ್ರಮದ ಬಗ್ಗೆ ನೀನು ಬರೆದದ್ದನ್ನು ಎರಡು ಸಲ ಓದಿದೆ. 2009ರ ಮೇ 3, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಜೋನ್ ಬಯೇಜ್, 40ಕ್ಕೂ ಜಾಸ್ತಿ ಕಲಾವಿದರು. ಎಲ್ಲ ಸರಿ. ಆದರೆ ಯಾರಾದ ಮೇಲೆ ಯಾರು ವೇದಿಕೆ ಹತ್ತಿದರು ಅನ್ನೋದೇ ಮುಕ್ಕಾಲು ಪಾಲು ತುಂಬಿದೆ. ನಮ್ಮೂರ ಸನ್ಮಾನದ ವರದಿ ಥರ ಆಗಿದೆ ಕಣಮ್ಮಾ.

ನಾನೂ ಹಾಗೆ ಬರೆದವನೇ. ತತ್ವಪದ ಹಾಡುವ ಅಜ್ಜನೊಬ್ಬರ ಸನ್ಮಾನಕ್ಕೆ ಹೋಗಿ ಬಂದು ಶಾಲು, ಹಾರ, ಹಣ್ಣಿನ ಬುಟ್ಟಿ, ಅತಿಥಿಗಳ ಹೆಸರು ಎಲ್ಲ ಬರೆದೆ. ಅಜ್ಜ ಏನು ಹಾಡಿದರು ಅಂತ ಒಂದು ಸಾಲೂ ಇರಲಿಲ್ಲ. ಅಚ್ಚಾದ ಮೇಲೆ ಹೊಳೆಯಿತು.

ಒಂದು ತಪ್ಪು ಮಾತ್ರ ತಿದ್ದಲೇಬೇಕು. ‘ವಿ ಶಲ್ ಓವರ್‌ಕಮ್’ ಸೀಗರ್ ರಚನೆ ಅಂದಿದ್ದೀಯ. ಅಲ್ಲ. ನಾವು ‘ಗೆದ್ದೇ ಗೆಲ್ಲುವೆವು’ ಅಂತ ಹಾಡುತ್ತೇವಲ್ಲ, ಅದು ತುಂಬಾ ಕೈ ದಾಟಿ ಬಂದ ಹಾಡು. 1945ರಲ್ಲಿ ಸೌತ್ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸಿಗಾರ್ ಕಾರ್ಖಾನೆಯವರು ಮುಷ್ಕರ ಹೂಡಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ಚರ್ಚಿನ ಹಾಡನ್ನು ಮುಷ್ಕರದ ಹಾಡು ಮಾಡಿಕೊಂಡವರು ಅವರು. ಅವರಿಂದ ಟೆನೆಸಿಯಲ್ಲಿ ಚಳವಳಿಗಾರರಿಗೆ ತರಬೇತಿ ಕೊಡುತ್ತಿದ್ದ ಹೈಲ್ಯಾಂಡರ್ ಶಾಲೆಯ ಜಿಲ್ಫಿಯಾ ಹಾರ್ಟನ್ ಕಲಿತರು, ಜಿಲ್ಫಿಯಾರಿಂದ ಸೀಗರ್. 1960ರಲ್ಲಿ ಗಾಯಕ ಗೈ ಕ್ಯಾರವಾನ್ ಅದನ್ನು ಕಪ್ಪು ಜನರ ಹಕ್ಕಿನ ಹೋರಾಟದ ಹುಡುಗರಿಗೆ ಹೇಳಿಕೊಟ್ಟರು. ಹಾಡಿನಲ್ಲಿ ಮೊದಲಿದ್ದ ‘ವಿಲ್’ ಹೋಗಿ ‘ಶಲ್’ ಬಂದದ್ದು ತನ್ನಿಂದಲೋ ಹೈಲ್ಯಾಂಡರ್‌ನಲ್ಲಿ ಪಾಠ ಮಾಡುತ್ತಿದ್ದ ಸೆಪ್ಟಿಮಾ ಕ್ಲಾರ್ಕ್ ಅವರಿಂದಲೋ ಅಂತ ಸೀಗರ್ ತಾವೇ ಹೇಳುತ್ತಿದ್ದರು. ನೀನು ಅವರನ್ನು ಹೊಗಳುವ ಭರದಲ್ಲಿ ಆ ಹೆಂಗಸರನ್ನು ಹೊರಗೆ ನಿಲ್ಲಿಸಿಬಿಟ್ಟೆ. ಸೀಗರ್ ಹಾಗೆ ಮಾಡುತ್ತಿರಲಿಲ್ಲ.

‘ಕ್ರಾಂತಿಯ ಕಹಳೆ’ ಮೂರು ಕಡೆ ಇದೆ. ಮೂರನ್ನೂ ತೆಗೆ. ಬದಲಿಗೆ ಕೋರ್ಟಿನ ಸಂಗತಿ ಹಾಕು. 1955ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಸೀಗರ್ ಅವರನ್ನು ಕರೆಸಿ, ಕಮ್ಯುನಿಸ್ಟರ ಸಭೆಗಳಲ್ಲಿ ಹಾಡಿದ್ದೀಯಾ ಅಂತ ಕೇಳಿತು. ನನ್ನ ಹಾಡುಗಳ ಬಗ್ಗೆ ಬೇಕಾದರೆ ಹೇಳುತ್ತೇನೆ, ಯಾರ ಮುಂದೆ ಹಾಡಿದೆ ಅಂತ ಹೇಳಲಾರೆ ಅಂದರು. ಹಾಗೆ ಉತ್ತರ ಕೊಡದ್ದಕ್ಕೆ 1961ರಲ್ಲಿ ಒಂದು ವರ್ಷ ಒಂದು ದಿನದ ಜೈಲು ಶಿಕ್ಷೆ ಆಯಿತು. ಶಿಕ್ಷೆ ಹೇಳುವ ಮೊದಲು, ವಿಚಾರಣೆಯಲ್ಲಿ ಬಂದ ಹಾಡನ್ನು ಇಲ್ಲೇ ಹಾಡಲೇ ಅಂತ ಜಡ್ಜನ್ನು ಕೇಳಿದ್ದರು. ಕೂಡದು ಅಂದರು ಜಡ್ಜ್. ಮರುವರ್ಷ ಮೇಲಿನ ಕೋರ್ಟು ಶಿಕ್ಷೆ ರದ್ದು ಮಾಡಿತು. ಆದರೂ ಟೀವಿಯವರು ವರ್ಷಗಟ್ಟಲೆ ಹತ್ತಿರ ಸೇರಿಸಲಿಲ್ಲ. ಇಷ್ಟು ಗೊತ್ತಿದ್ದರೆ ಆ ಭರ್ತಿ ಸಭಾಂಗಣ ಓದುಗನಿಗೆ ಬೇರೆಯೇ ಕಾಣುತ್ತೆ, ಅಲ್ವಾ?

ಆ ಕಾರ್ಯಕ್ರಮದ ಟಿಕೆಟ್ ದುಡ್ಡು ಹಡ್ಸನ್ ನದಿ ಕಾಯುವ ಕ್ಲಿಯರ್‌ವಾಟರ್ ಸಂಸ್ಥೆಗೆ ಹೋಯಿತು. ಅದರ ಹಾಯಿ ಹಡಗು ನೀರಿಗಿಳಿದದ್ದು 1969ರಲ್ಲಿ. ಇದಕ್ಕೆ ಎರಡು ಸಾಲು ಸಾಕು.

ವಯಸ್ಸಾದ ಮೇಲೆ ಸೀಗರ್ ಧ್ವನಿ ಕುಗ್ಗಿತ್ತು. ಮುಂದಿನ ಸಾಲನ್ನು ಬರೀ ಹೇಳುತ್ತಿದ್ದರು, ಹಾಡುತ್ತಿದ್ದವರು ಜನ. ನಮ್ಮ ಭಜನೆಯಲ್ಲಿ ಒಬ್ಬರು ಎತ್ತಿಕೊಟ್ಟು ಉಳಿದವರು ಹಿಡಿಯುತ್ತಾರಲ್ಲ, ಹಾಗೆ. ಆ ಕಾರ್ಯಕ್ರಮದ ವಿಡಿಯೋವನ್ನು ಇನ್ನೊಮ್ಮೆ ನೋಡು. ಈ ಸಲ ವೇದಿಕೆ ಬಿಟ್ಟು ಕೂತವರ ಬಾಯಿ ನೋಡು.

ಸೀಗರ್ ನುಡಿಸುತ್ತಿದ್ದ ತಂತಿವಾದ್ಯ ಬ್ಯಾಂಜೋ ಮೇಲೆ ‘ಸ್ಫೂರ್ತಿದಾಯಕ ಬರಹ’ ಇತ್ತು ಅಂತ ಬರೆದು ಸುಮ್ನೆ ಮುಂದೆ ಹೋಗಿದ್ದೀಯ. ಬರಹ ಇದ್ದದ್ದು ಹೀಗೆ: ಈ ಯಂತ್ರ ದ್ವೇಷವನ್ನು ಸುತ್ತುವರಿದು ಶರಣಾಗುವಂತೆ ಮಾಡುತ್ತದೆ. ವಾದ್ಯದ ದುಂಡು ಚರ್ಮದ ಅಂಚಿಗೆ ಆ ಅಕ್ಷರಗಳೂ ಸುತ್ತಿಕೊಂಡೇ ಇದ್ದವು.

ತಿದ್ದಿ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಣ್ಣ